ಸಿಂಹ ಯಾರದು, ಸ್ಟುಡಿಯೋ ಯಾರದು: ಅಮೆರಿಕದ ಸಿನಿಮಾ ಸಂಸ್ಥೆಗಳ ಒಡೆತನ ಅರಿಯಲು ಯಾವುದನ್ನು ಆರಿಸಿಕೊಳ್ಳಬೇಕು?

ಪತ್ರಿಕೋದ್ಯಮ ಅಥವಾ ಸಿನಿಮಾ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿರುವವರು ಕಿರುಪ್ರಬಂಧಕ್ಕೆ ವಿಷಯ ಹುಡುಕುವಾಗ, ಫಿಲ್ಮ್ ಸೊಸೈಟಿಯವರು ಉಪನ್ಯಾಸ ಮಾಲೆಗೆ ಸಿದ್ಧತೆ ನಡೆಸುವಾಗ, ಒಂದೇ ಬಗೆಯ ಗೊಂದಲಕ್ಕೆ ಸಿಲುಕುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅಮೆರಿಕದ ಚಲನಚಿತ್ರ ಮತ್ತು ಟೆಲಿವಿಷನ್ ನಿರ್ಮಾಣ ಸಂಸ್ಥೆಗಳು ಹೇಗೆ ಹುಟ್ಟಿದವು, ಯಾರ ಕೈಯಿಂದ ಯಾರ ಕೈಗೆ ಹೋದವು ಎಂದು ತಿಳಿಯುವ ಆಸೆಯೇನೋ ಅವರಿಗಿದೆ. ಎಲ್ಲ ಸಂಸ್ಥೆಗಳನ್ನೂ ಓದಲು ಹೊರಟರೆ ವರ್ಷಗಳೇ ಬೇಕು. ಒಂದನ್ನೋ ಎರಡನ್ನೋ ಆರಿಸಿಕೊಂಡು ಆಳಕ್ಕೆ ಇಳಿಯುವುದೇ ಸರಿಯಾದ ದಾರಿ. ಆದರೆ ಡಿಸ್ನಿಯನ್ನೇ, ಪ್ಯಾರಾಮೌಂಟನ್ನೇ, ವಾರ್ನರ್ ಬ್ರದರ್ಸನ್ನೇ, ಎಂಜಿಎಂ ಅನ್ನೇ ಎಂಬಲ್ಲಿಗೆ ಬಂದು ಕೆಲಸ ನಿಂತುಬಿಡುತ್ತದೆ. ಹೆಸರಿನ ಖ್ಯಾತಿ ನೋಡಿ ಆರಿಸಿಕೊಂಡವರು ಅರ್ಧ ದಾರಿಯಲ್ಲಿ ಕಾಗದಪತ್ರ ಸಿಗದೆ ಕಷ್ಟಪಡುತ್ತಾರೆ. ಆದ್ದರಿಂದ ಮೊದಲು ಅಳತೆಗೋಲುಗಳನ್ನು ನಿಗದಿ ಮಾಡಿಕೊಂಡು, ಆಮೇಲೆ ಒಂದೊಂದು ಸಂಸ್ಥೆಯನ್ನು ಅದಕ್ಕೆ ಹಿಡಿದು ನೋಡೋಣ.

ಒಡೆತನ ಎಂಬ ಮಾತು ಇಲ್ಲಿ ಎಷ್ಟು ಜಾರುತ್ತದೆ ಎನ್ನುವುದಕ್ಕೆ ಒಂದೇ ಚಿತ್ರ ಸಾಕು. 1939ರ 'ದಿ ವಿಝರ್ಡ್ ಆಫ್ ಓಝ್' ಶುರುವಾಗುವುದು ಎಂಜಿಎಂ ಸಂಸ್ಥೆಯ ಸಿಂಹದ ಗರ್ಜನೆಯಿಂದ. ಆ ಸಿಂಹದ ಗುರುತು ಇಂದು ಅಮೆಜಾನ್ ಕಂಪನಿಯದು, ಏಕೆಂದರೆ 2022ರ ಮಾರ್ಚ್‌ನಲ್ಲಿ ಅಮೆಜಾನ್ 845 ಕೋಟಿ ಡಾಲರಿಗೆ ಎಂಜಿಎಂ ಅನ್ನು ಕೊಂಡುಕೊಂಡಿತು. ಸಿಂಹ ಗರ್ಜಿಸಿ ಮುಗಿದ ಮೇಲೆ ಬರುವ ಚಿತ್ರದ ಹಕ್ಕು ಮಾತ್ರ ಅಮೆಜಾನ್‌ಗೆ ಹೋಗಲಿಲ್ಲ. ಅದು ವಾರ್ನರ್ ಬ್ರದರ್ಸ್ ಬಳಿ ಇದೆ. ಇನ್ನು ಆ ಚಿತ್ರೀಕರಣ ನಡೆದ ಕಲ್ವರ್ ಸಿಟಿಯ ಸ್ಟುಡಿಯೋ ಆವರಣ ಜಪಾನಿನ ಸೋನಿ ಕಂಪನಿಯದು, ಮತ್ತು ಸೋನಿಯವರು ಅದೇ ಚಿತ್ರದ ನೆನಪಿಗಾಗಿ ಆವರಣದೊಳಗೆ ದೊಡ್ಡದೊಂದು ಕಾಮನಬಿಲ್ಲಿನ ಶಿಲ್ಪವನ್ನು ನಿಲ್ಲಿಸಿದ್ದಾರೆ. ಗುರುತು ಒಬ್ಬರದು, ಚಿತ್ರ ಇನ್ನೊಬ್ಬರದು, ನೆಲ ಮತ್ತೊಬ್ಬರದು.

ಹೀಗಾಗಿ ಮೊದಲ ಅಳತೆಗೋಲು, ಯಾವ ಒಡೆತನವನ್ನು ನೀವು ಬೆನ್ನಟ್ಟುತ್ತಿದ್ದೀರಿ ಎಂಬುದು. ಹೆಸರು ಮತ್ತು ಗುರುತಿನ ಒಡೆತನ, ಷೇರು ಮತ್ತು ಮತಾಧಿಕಾರದ ಒಡೆತನ, ಹಳೆಯ ಚಿತ್ರಗಳ ಭಂಡಾರದ ಒಡೆತನ, ಸ್ಟುಡಿಯೋ ನೆಲದ ಒಡೆತನ, ಇವು ನಾಲ್ಕೂ ಬೇರೆ ಬೇರೆ ದಾರಿ ಹಿಡಿದು ಹೋಗಿವೆ. ಎರಡನೆಯದು ಕಾಗದಪತ್ರಗಳ ಲಭ್ಯತೆ. ಷೇರುಪೇಟೆಯಲ್ಲಿರುವ ಅಮೆರಿಕನ್ ಕಂಪನಿ ಪ್ರತಿ ವರ್ಷ ಟೆನ್-ಕೆ ಎಂಬ ವಾರ್ಷಿಕ ವರದಿಯನ್ನೂ, ಷೇರುದಾರರ ಸಭೆಗೆ ಮೊದಲು ಪ್ರಾಕ್ಸಿ ಹೇಳಿಕೆಯನ್ನೂ ಸಲ್ಲಿಸಲೇಬೇಕು; 1990ರ ದಶಕದ ನಡುವಿನಿಂದ ಈಚಿನವೆಲ್ಲ ಎಡ್ಗರ್ ಎಂಬ ಸರ್ಕಾರಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಯಾರ ಬಳಿ ಎಷ್ಟು ಮತವಿದೆ ಎಂಬುದು ಪ್ರಾಕ್ಸಿ ಹೇಳಿಕೆಯಲ್ಲಿ ಕೋಷ್ಟಕವಾಗಿಯೇ ಇರುತ್ತದೆ. ಖಾಸಗಿ ಸಂಸ್ಥೆಗಳಿಗೆ ಈ ಬಾಧ್ಯತೆ ಇಲ್ಲ, ಮತ್ತು ದೈತ್ಯ ಕಂಪನಿಯ ಹೊಟ್ಟೆಯೊಳಗೆ ಸೇರಿಹೋದ ಸ್ಟುಡಿಯೋದ ಲೆಕ್ಕ ಪ್ರತ್ಯೇಕವಾಗಿ ಕಾಣುವುದೂ ಇಲ್ಲ. ಮೂರನೆಯದು ನಿಮ್ಮ ಕೈಯಲ್ಲಿರುವ ಸಮಯ: ಒಂದು ಸೆಮಿಸ್ಟರೋ, ಎರಡು ವಾರವೋ, ಪಿಎಚ್‌ಡಿಯ ಮೂರು ನಾಲ್ಕು ವರ್ಷಗಳೋ.

ಇನ್ನು ಹಣ. ನ್ಯಾಯಾಲಯದ ತೀರ್ಪುಗಳು ಉಚಿತ. 1910, 1920ರ ದಶಕಗಳ ಚಿತ್ರೋದ್ಯಮ ಪತ್ರಿಕೆಗಳನ್ನು ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ ಎಂಬ ಭಂಡಾರ ಪುಟಪುಟವಾಗಿ ಅಂತರಜಾಲಕ್ಕೆ ಏರಿಸಿದೆ, ಅದೂ ಉಚಿತ. ಆದರೆ ವಾರ್ನರ್ ಸಂಸ್ಥೆಯ ಆಂತರಿಕ ಪತ್ರವ್ಯವಹಾರ ನೋಡಬೇಕೆಂದರೆ ಲಾಸ್ ಏಂಜಲೀಸ್‌ನಲ್ಲಿರುವ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ, ಯುನೈಟೆಡ್ ಆರ್ಟಿಸ್ಟ್ಸ್ ದಾಖಲೆಗಳಿಗೆ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ಗೂ ಹೋಗಬೇಕು. ಅಮೆರಿಕದಲ್ಲೇ ನೆಲೆಸಿರುವ ಕನ್ನಡಿಗರಿಗೆ ಇದು ವಾರಾಂತ್ಯದ ಪ್ರಯಾಣವಾಗಬಹುದು. ಧಾರವಾಡದಲ್ಲೋ ಮೈಸೂರಿನಲ್ಲೋ ಕುಳಿತವರು ಉಚಿತ ದಾಖಲೆಗಳ ಮೇಲೆಯೇ ಯೋಜನೆ ಹಾಕಿಕೊಳ್ಳುವುದು ಒಳಿತು.

ಡಿಸ್ನಿಯಿಂದ ತೊಡಗೋಣ, ಏಕೆಂದರೆ ಹೆಚ್ಚಿನವರ ಮೊದಲ ಆಯ್ಕೆ ಅದೇ. ವಾಲ್ಟ್ ಮತ್ತು ರಾಯ್ ಎಂಬ ಅಣ್ಣತಮ್ಮಂದಿರು 1923ರ ಅಕ್ಟೋಬರ್ 16ರಂದು ಶುರು ಮಾಡಿದ ಈ ಸಂಸ್ಥೆಯನ್ನು ಇಂದಿಗೂ ಯಾರೂ ಹೊರಗಿನಿಂದ ಬಂದು ನುಂಗಿಲ್ಲ. ಅದೇ ಇತರರನ್ನು ನುಂಗುತ್ತ ಬಂದಿದೆ. 1996ರಲ್ಲಿ ಎಬಿಸಿ ಟೆಲಿವಿಷನ್ ಜಾಲ, 2006ರಲ್ಲಿ 740 ಕೋಟಿ ಡಾಲರಿಗೆ ಪಿಕ್ಸಾರ್, 2009ರಲ್ಲಿ ಮಾರ್ವೆಲ್, 2012ರಲ್ಲಿ ಲ್ಯೂಕಾಸ್‌ಫಿಲ್ಮ್, 2019ರಲ್ಲಿ 7,130 ಕೋಟಿ ಡಾಲರಿಗೆ ಫಾಕ್ಸ್ ಸಂಸ್ಥೆಯ ಬಹುಭಾಗ ಅದರ ಪಾಲಾದವು. ಈ ಹಸಿವಿಗೆ ಒಂದು ಹಳೆಯ ಗಾಯ ಕಾರಣವೆಂದು ನನಗೆ ಅನ್ನಿಸುತ್ತದೆ. 1928ರಲ್ಲಿ ವಾಲ್ಟ್ ತಾನು ರೂಪಿಸಿದ ಓಸ್ವಾಲ್ಡ್ ಎಂಬ ಮೊಲದ ಪಾತ್ರ ಕಾನೂನಿನ ಪ್ರಕಾರ ತನ್ನದಲ್ಲ, ಯೂನಿವರ್ಸಲ್ ಸಂಸ್ಥೆಯದು ಎಂದು ತಿಳಿದು ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಮಿಕ್ಕಿ ಮೌಸ್ ಹುಟ್ಟಿದ್ದು ಅದರ ಬೆನ್ನಿಗೇ. ಆ ಮೊಲವನ್ನು ಕಂಪನಿ ಮರಳಿ ಪಡೆದದ್ದು 2006ರಲ್ಲಿ, ತನ್ನಲ್ಲಿದ್ದ ಒಬ್ಬ ಪ್ರಸಿದ್ಧ ಕ್ರೀಡಾ ವೀಕ್ಷಕ ವಿವರಣೆಗಾರನನ್ನು ಯೂನಿವರ್ಸಲ್‌ನ ಮಾತೃಸಂಸ್ಥೆಗೆ ಬಿಟ್ಟುಕೊಟ್ಟು.

ಕಾಗದಪತ್ರದ ದೃಷ್ಟಿಯಿಂದ ಡಿಸ್ನಿ ಅತ್ಯಂತ ಸುಲಭ. ಇಡೀ ಕಂಪನಿಯನ್ನು ಹಿಡಿತದಲ್ಲಿಟ್ಟುಕೊಂಡ ಒಬ್ಬ ಯಜಮಾನನಿಲ್ಲ, ಷೇರುಗಳು ಹರಡಿಹೋಗಿವೆ. ಅದರಿಂದಲೇ 1984ರಲ್ಲಿ ಹೊರಗಿನ ಹೂಡಿಕೆದಾರರು ಅದನ್ನು ಕಬಳಿಸಲು ಬಂದರು, 2024ರ ಏಪ್ರಿಲ್‌ನಲ್ಲಿ ನಿರ್ದೇಶಕ ಮಂಡಳಿಯ ಸ್ಥಾನಕ್ಕಾಗಿ ಹೂಡಿಕೆದಾರ ನೆಲ್ಸನ್ ಪೆಲ್ಟ್ಸ್ ಷೇರುದಾರರ ಮತಕ್ಕೆ ನಿಂತು ಸೋತರು. ಆದರೆ ಡಿಸ್ನಿಯನ್ನು ಓದಿದವರಿಗೆ ಸ್ಟುಡಿಯೋ ಒಂದು ಕೈಯಿಂದ ಕೈಗೆ ಹೋಗುವಾಗ ಒಳಗೆ ಏನು ಒಡೆಯುತ್ತದೆ ಎಂಬುದು ತಿಳಿಯುವುದಿಲ್ಲ. ಎರಡು ವಾರದಲ್ಲಿ ಪ್ರಬಂಧ ಮುಗಿಸಬೇಕಾದವರಿಗೆ ಇದು ಸರಿ. ಒಡೆತನದ ಸ್ಥಿತ್ಯಂತರವೇ ನಿಮ್ಮ ವಿಷಯವಾದರೆ ಇದನ್ನು ಬಿಡಿ.

ಒಂದೇ ಸಂಸ್ಥೆ ಓದುತ್ತೇನೆ, ಒಂದು ಸೆಮಿಸ್ಟರ್ ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಪ್ಯಾರಾಮೌಂಟ್. ಅಮೆರಿಕದ ಚಿತ್ರೋದ್ಯಮದ ಒಡೆತನದಲ್ಲಿ ಬಂದುಹೋದ ಪ್ರತಿಯೊಂದು ಗಾಳಿಯೂ ಇದರ ಮೈಮೇಲೆ ಬೀಸಿದೆ. ಹಂಗೇರಿಯ ಒಂದು ಹಳ್ಳಿಯಿಂದ ಹುಡುಗನಾಗಿದ್ದಾಗಲೇ ಬಂದು, ತುಪ್ಪಳದ ವ್ಯಾಪಾರ ಮಾಡಿ, ಆಮೇಲೆ ಚಿಲ್ಲರೆ ಕಾಸಿನ ಪ್ರದರ್ಶನ ಮಂದಿರಗಳಿಗೆ ಕೈಹಾಕಿದ ಅಡಾಲ್ಫ್ ಜೂಕರ್ 1912ರಲ್ಲಿ ಫೇಮಸ್ ಪ್ಲೇಯರ್ಸ್ ಕಂಪನಿ ಕಟ್ಟಿದ. 1916ರಲ್ಲಿ ಅದು ಜೆಸ್ಸಿ ಲ್ಯಾಸ್ಕಿಯ ಕಂಪನಿಯೊಡನೆ ಸೇರಿತು. ಪ್ಯಾರಾಮೌಂಟ್ ಎಂಬುದು ಮೊದಲಿಗೆ ಇವರ ಚಿತ್ರಗಳನ್ನು ಹಂಚುತ್ತಿದ್ದ, 1914ರಲ್ಲಿ ಡಬ್ಲ್ಯು. ಡಬ್ಲ್ಯು. ಹಾಡ್ಕಿನ್ಸನ್ ಸ್ಥಾಪಿಸಿದ ಬೇರೆಯೇ ಕಂಪನಿ. ನಿರ್ಮಾಪಕರು ಹಂಚಿಕೆದಾರನನ್ನು ಹಿಡಿತಕ್ಕೆ ತೆಗೆದುಕೊಂಡು, ಆಮೇಲೆ ಚಿತ್ರಮಂದಿರಗಳನ್ನೂ ಕೊಳ್ಳತೊಡಗಿದರು. ತಯಾರಿಕೆ, ಹಂಚಿಕೆ, ಪ್ರದರ್ಶನ ಮೂರೂ ಒಂದೇ ಮನೆಯೊಳಗೆ ಬಂದವು. ಸಾಲ ಮಾಡಿ ಕೊಂಡ ಆ ಚಿತ್ರಮಂದಿರಗಳೇ ಆರ್ಥಿಕ ಕುಸಿತದ ಕಾಲದಲ್ಲಿ ಕಂಪನಿಯನ್ನು ದಿವಾಳಿಗೆ ತಳ್ಳಿದವು. 1935ರಲ್ಲಿ ಅದು ಹೊಸ ರೂಪದಲ್ಲಿ ಎದ್ದು ನಿಂತಿತು.

1938ರಲ್ಲಿ ಅಮೆರಿಕ ಸರ್ಕಾರ ಹೂಡಿದ ಏಕಸ್ವಾಮ್ಯ ವಿರೋಧಿ ಮೊಕದ್ದಮೆಗೆ ಪ್ಯಾರಾಮೌಂಟ್‌ನದೇ ಹೆಸರು. 1948ರ ಮೇ 3ರಂದು ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಸುಪ್ರೀಂ ಕೋರ್ಟ್ ಪರವಾಗಿ ಬರೆದ ತೀರ್ಪು, ಒಂದು ಒಳ್ಳೆಯ ಚಿತ್ರ ಬೇಕಾದರೆ ಜೊತೆಗೆ ಹತ್ತಾರು ಸಾಧಾರಣ ಚಿತ್ರಗಳನ್ನೂ ಗಂಟು ಹಾಕಿ ಕೊಳ್ಳಬೇಕೆಂಬ ಪದ್ಧತಿಯನ್ನು ತಳ್ಳಿಹಾಕಿತು. ಮುಂದಿನ ವರ್ಷಗಳಲ್ಲಿ ಐದು ದೊಡ್ಡ ಸ್ಟುಡಿಯೋಗಳೂ ತಮ್ಮ ಚಿತ್ರಮಂದಿರಗಳನ್ನು ಬೇರ್ಪಡಿಸಬೇಕಾಯಿತು. ಪ್ಯಾರಾಮೌಂಟ್‌ನಿಂದ ಸೀಳಿ ಹೊರಬಂದ ಚಿತ್ರಮಂದಿರಗಳ ಕಂಪನಿ 1953ರಲ್ಲಿ ಎಬಿಸಿ ಟೆಲಿವಿಷನ್ ಜಾಲದೊಡನೆ ವಿಲೀನವಾಯಿತು. ಸ್ಟುಡಿಯೋ ಮಾತ್ರ ಬಡವಾಗಿ, 1958ರಲ್ಲಿ ತನ್ನ ಧ್ವನಿಚಿತ್ರಗಳ ಹಳೆಯ ಭಂಡಾರದ ಬಹುಪಾಲನ್ನು ಎಂಸಿಎ ಕಂಪನಿಗೆ ಮಾರಿತು. ಆ ಎಂಸಿಎ ಮುಂದೆ ಯೂನಿವರ್ಸಲ್‌ನ ಒಡೆಯನಾಯಿತು. ಹೀಗಾಗಿ ಪ್ಯಾರಾಮೌಂಟ್‌ನ ಶಿಖರದ ಗುರುತು ಹೊತ್ತ ನೂರಾರು ಹಳೆಯ ಚಿತ್ರಗಳು ಇಂದು ಯೂನಿವರ್ಸಲ್‌ನ ಸ್ವತ್ತು.

1966ರಲ್ಲಿ ಗಲ್ಫ್ ಅಂಡ್ ವೆಸ್ಟರ್ನ್ ಎಂಬ ವಾಹನ ಬಿಡಿಭಾಗ, ಸತು ಮುಂತಾದವನ್ನು ಒಟ್ಟಿಗೆ ನಡೆಸುತ್ತಿದ್ದ ಕಂಪನಿ ಇದನ್ನು ಕೊಂಡಿತು. 1994ರಲ್ಲಿ ಭಾರಿ ಹರಾಜಿನ ಪೈಪೋಟಿಯ ನಂತರ ಸಮ್ನರ್ ರೆಡ್‌ಸ್ಟೋನ್ ಅವರ ವಯಾಕಾಮ್ ಎಂಬ ಮಾಧ್ಯಮ ಕಂಪನಿ ಗೆದ್ದಿತು. ರೆಡ್‌ಸ್ಟೋನ್ ಮನೆತನದ ಮೂಲ ಕಸುಬು ಚಿತ್ರಮಂದಿರ ನಡೆಸುವುದು ಎಂಬುದನ್ನು ಇಲ್ಲಿ ಗಮನಿಸಬೇಕು. ನ್ಯಾಯಾಲಯ 1948ರಲ್ಲಿ ಚಿತ್ರಮಂದಿರದಿಂದ ಬೇರ್ಪಡಿಸಿದ ಸ್ಟುಡಿಯೋ, 46 ವರ್ಷಗಳ ನಂತರ ಚಿತ್ರಮಂದಿರದವರ ಮನೆಗೇ ಸೊಸೆಯಾಗಿ ಹೋಯಿತು. ಆ ಕುಟುಂಬದ ನ್ಯಾಷನಲ್ ಅಮ್ಯೂಸ್‌ಮೆಂಟ್ಸ್ ಕಂಪನಿ ಒಟ್ಟು ಬಂಡವಾಳದ ಸುಮಾರು ಶೇ 10ರಷ್ಟನ್ನು ಮಾತ್ರ ಹೊಂದಿದ್ದು, ಮತಾಧಿಕಾರದ ಸುಮಾರು ಶೇ 77ರಷ್ಟನ್ನು ಕೈಯಲ್ಲಿಟ್ಟುಕೊಂಡಿತ್ತು. ಷೇರುಗಳನ್ನು ಮತವಿರುವವು, ಮತವಿಲ್ಲದವು ಎಂದು ಎರಡು ದರ್ಜೆ ಮಾಡಿದರೆ ಸ್ವಲ್ಪ ಹಣದಿಂದ ಪೂರ್ಣ ಅಧಿಕಾರ ಹೇಗೆ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. 2025ರ ಆಗಸ್ಟ್ 7ರಂದು ಡೇವಿಡ್ ಎಲಿಸನ್ ಅವರ ಸ್ಕೈಡ್ಯಾನ್ಸ್ ನಿರ್ಮಾಣ ಸಂಸ್ಥೆಯ ಜೊತೆಗಿನ ವಿಲೀನ ಪೂರ್ಣಗೊಂಡು ರೆಡ್‌ಸ್ಟೋನ್ ಕುಟುಂಬದ ಕಾಲ ಮುಗಿಯಿತು. ದಾಖಲೆಗಳೆಲ್ಲ ಉಚಿತ, ಕಥೆಗೆ ಆದಿಯೂ ಇದೆ, ತಿರುವುಗಳೂ ಇವೆ. ಕೊರತೆಯೆಂದರೆ, ವಯಾಕಾಮ್ ಮತ್ತು ಸಿಬಿಎಸ್ ಎಂಬ ಟೆಲಿವಿಷನ್ ಜಾಲ ಸೇರಿದ್ದು, ಬೇರೆಯಾದದ್ದು, ಮತ್ತೆ ಸೇರಿದ್ದು, ಹೆಸರು ಬದಲಾಯಿಸಿದ್ದು ಇವುಗಳ ನಡುವೆ ವಿದ್ಯಾರ್ಥಿ ದಾರಿ ತಪ್ಪುವುದು ಸುಲಭ. ಮೊದಲ ದಿನವೇ ಇಸವಿಗಳ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಚಿತ್ರಭಂಡಾರದ ಒಡೆತನವೇ ನಿಮ್ಮ ಕುತೂಹಲವಾದರೆ ವಾರ್ನರ್ ಬ್ರದರ್ಸ್ ಮತ್ತು ಎಂಜಿಎಂ ಎರಡನ್ನೂ ಜೋಡಿಯಾಗಿ ಓದಬೇಕು. ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗುವುದಿಲ್ಲ. ಪೋಲೆಂಡಿನಿಂದ ವಲಸೆ ಬಂದ ಕುಟುಂಬದ ಹ್ಯಾರಿ, ಆಲ್ಬರ್ಟ್, ಸ್ಯಾಮ್, ಜಾಕ್ ಎಂಬ ನಾಲ್ವರು ಸಹೋದರರು ಪೆನ್ಸಿಲ್ವೇನಿಯಾದ ನ್ಯೂ ಕ್ಯಾಸಲ್‌ನಲ್ಲಿ ಪುಟ್ಟ ಪ್ರದರ್ಶನ ಮಂದಿರ ನಡೆಸಿ, 1923ರ ಏಪ್ರಿಲ್ 4ರಂದು ವಾರ್ನರ್ ಬ್ರದರ್ಸ್ ಕಂಪನಿಯನ್ನು ನೋಂದಾಯಿಸಿದರು. ಧ್ವನಿಯ ಮೇಲೆ ನಂಬಿಕೆಯಿಟ್ಟು ಎಲ್ಲವನ್ನೂ ಪಣಕ್ಕಿಟ್ಟವನು ಸ್ಯಾಮ್. 1927ರ ಅಕ್ಟೋಬರ್ 6ರಂದು ಅವರ ಮಾತನಾಡುವ ಚಿತ್ರ ತೆರೆ ಕಾಣುವ ಹಿಂದಿನ ದಿನವೇ ಅವನು ತೀರಿಕೊಂಡ. ಎಂಜಿಎಂ ಹುಟ್ಟಿದ ಬಗೆ ಬೇರೆ. ಚಿತ್ರಮಂದಿರಗಳ ಒಡೆಯ ಮಾರ್ಕಸ್ ಲೋ ತನ್ನ ಪರದೆಗಳಿಗೆ ಸಾಕಷ್ಟು ಚಿತ್ರ ಬೇಕೆಂದು 1924ರಲ್ಲಿ ಮೆಟ್ರೋ, ಗೋಲ್ಡ್‌ವಿನ್, ಲೂಯಿ ಬಿ. ಮೇಯರ್ ಎಂಬ ಮೂರು ಕಂಪನಿಗಳನ್ನು ಒಂದು ಮಾಡಿದ. ಸಂಸ್ಥೆಯ ಹೆಸರಿನಲ್ಲಿ ಗೋಲ್ಡ್‌ವಿನ್ ಇದ್ದರೂ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಆ ಹೊತ್ತಿಗಾಗಲೇ ತನ್ನ ಕಂಪನಿಯಿಂದ ಹೊರಬಿದ್ದಿದ್ದ. ಎಂಜಿಎಂನಲ್ಲಿ ಅವನೆಂದೂ ಇರಲೇ ಇಲ್ಲ. ಹೆಸರು ನೋಡಿ ಮೂಲವನ್ನು ಊಹಿಸಬಾರದು ಎಂದು ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಕೊಡುವ ಮೊದಲ ಉದಾಹರಣೆ ಇದು.

ಈಗ ಭಂಡಾರದ ಪಯಣ ನೋಡಿ. ವಾರ್ನರ್ 1956ರಲ್ಲಿ 1950ಕ್ಕಿಂತ ಹಿಂದಿನ ತನ್ನ ಚಿತ್ರಗಳನ್ನು 2.1 ಕೋಟಿ ಡಾಲರಿಗೆ ಅಸೋಸಿಯೇಟೆಡ್ ಆರ್ಟಿಸ್ಟ್ಸ್ ಪ್ರೊಡಕ್ಷನ್ಸ್ ಎಂಬ ಕಂಪನಿಗೆ ಮಾರಿತು. ಟೆಲಿವಿಷನ್ ಚಾನೆಲ್‌ಗಳಿಗೆ ಹಳೆಯ ಚಿತ್ರಗಳ ಹಸಿವು ಎಷ್ಟೆಂದು ಮಾರಿದವರಿಗೆ ತಿಳಿದಿರಲಿಲ್ಲ. 1958ರಲ್ಲಿ ಆ ಕಂಪನಿ ಯುನೈಟೆಡ್ ಆರ್ಟಿಸ್ಟ್ಸ್ ಪಾಲಾಯಿತು. ಇದು ಚಾಪ್ಲಿನ್, ಮೇರಿ ಪಿಕ್‌ಫರ್ಡ್, ಡಗ್ಲಸ್ ಫೇರ್‌ಬ್ಯಾಂಕ್ಸ್, ಗ್ರಿಫಿತ್ 1919ರಲ್ಲಿ ತಾವೇ ಒಡೆಯರಾಗಲು ಕಟ್ಟಿದ ಸಂಸ್ಥೆ. 1981ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಅನ್ನು ಎಂಜಿಎಂ ಕೊಂಡಿತು. 1986ರಲ್ಲಿ ಟೆಲಿವಿಷನ್ ಉದ್ಯಮಿ ಟೆಡ್ ಟರ್ನರ್ ಇಡೀ ಎಂಜಿಎಂ ಅನ್ನು ಕೊಂಡು, ಸಾಲದ ಭಾರ ತಾಳಲಾರದೆ ಕೆಲವೇ ತಿಂಗಳಲ್ಲಿ ಉಳಿದದ್ದನ್ನೆಲ್ಲ ಮಾರಿ, ಹಳೆಯ ಚಿತ್ರಗಳ ಭಂಡಾರವನ್ನು ಮಾತ್ರ ತನ್ನಲ್ಲೇ ಉಳಿಸಿಕೊಂಡರು. 1996ರಲ್ಲಿ ಟರ್ನರ್ ಕಂಪನಿ, ವಾರ್ನರ್ ಬ್ರದರ್ಸ್‌ನ ಮಾತೃಸಂಸ್ಥೆಯಾಗಿದ್ದ ಟೈಮ್ ವಾರ್ನರ್‌ನಲ್ಲಿ ಲೀನವಾಯಿತು. ತವರು ಬಿಟ್ಟ ಚಿತ್ರಗಳು ಸರಿಯಾಗಿ 40 ವರ್ಷಗಳ ನಂತರ, ಎಂಜಿಎಂನ ಸಿಂಹದ ಚಿತ್ರಗಳನ್ನೂ ಜೊತೆಗೆ ಕರೆದುಕೊಂಡು ತವರಿಗೆ ಮರಳಿದವು. ಓಝ್ ಚಿತ್ರ ವಾರ್ನರ್ ಮನೆ ಸೇರಿದ್ದು ಹೀಗೆ.

ಈ ಜೋಡಿಯನ್ನು ಆರಿಸುವವರಿಗೆ ಎರಡು ಎಚ್ಚರಿಕೆಗಳಿವೆ. ಎಂಜಿಎಂನ ಇತ್ತೀಚಿನ ಲೆಕ್ಕಪತ್ರ ಹುಡುಕಲು ಹೋಗಬೇಡಿ; ಅದು ಅಮೆಜಾನ್‌ನ ಸಾಗರದಲ್ಲಿ ಕರಗಿದೆ. ಅದರ ಹಳೆಯ ಕಥೆ, ಅಂದರೆ ಹೂಡಿಕೆದಾರ ಕರ್ಕ್ ಕರ್ಕೋರಿಯನ್ ಅದನ್ನು ಹಲವು ಬಾರಿ ಕೊಂಡು ಮಾರಿದ್ದು, 1970ರಲ್ಲಿ ವೇಷಭೂಷಣಗಳನ್ನೂ ಸಾಮಗ್ರಿಗಳನ್ನೂ ಹರಾಜು ಹಾಕಿದ್ದು, 2010ರ ದಿವಾಳಿ ಅರ್ಜಿ, ಇವೇ ಸಾಕಷ್ಟು ಸಂಪನ್ನವಾಗಿವೆ. ವಾರ್ನರ್ ವಿಷಯದಲ್ಲಿ ತೊಂದರೆ ಇದಕ್ಕೆ ವಿರುದ್ಧ: ಕಾಗದ ಹೆಚ್ಚು, ಕಥೆ ಮುಗಿದಿಲ್ಲ. 1967ರಲ್ಲಿ ಸೆವೆನ್ ಆರ್ಟ್ಸ್, 1969ರಲ್ಲಿ ವಾಹನ ನಿಲುಗಡೆ ತಾಣಗಳನ್ನು ನಡೆಸುತ್ತಿದ್ದ ಕಿನ್ನಿ, 1990ರಲ್ಲಿ ಟೈಮ್ ಪತ್ರಿಕಾ ಸಮೂಹ, 2001ರಲ್ಲಿ ಅಂತರಜಾಲ ಕಂಪನಿ ಎಒಎಲ್, 2018ರಲ್ಲಿ ಎಟಿ ಅಂಡ್ ಟಿ ದೂರವಾಣಿ ಕಂಪನಿ, 2022ರಲ್ಲಿ ಡಿಸ್ಕವರಿ ಎಂದು ಸಾಗಿದ ಈ ಮಾರಾಟ, ವಿಲೀನಗಳ ಸರಣಿಯಲ್ಲಿ, ಎಒಎಲ್ ಜೊತೆಗಿನ ಮದುವೆಯ ನಂತರ 2002ನೇ ಸಾಲಿನಲ್ಲಿ ತೋರಿಸಿದ ನಷ್ಟವೇ ಸುಮಾರು 9,870 ಕೋಟಿ ಡಾಲರ್. 2025ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಇದರ ಸ್ಟುಡಿಯೋ ಮತ್ತು ಸ್ಟ್ರೀಮಿಂಗ್ ವಿಭಾಗವನ್ನು ಕೊಳ್ಳುವ ಒಪ್ಪಂದ ಪ್ರಕಟಿಸಿತು, ಅದರ ಬೆನ್ನಿಗೇ ಪ್ಯಾರಾಮೌಂಟ್ ಇಡೀ ಕಂಪನಿಗೆ ಪ್ರತಿಬೆಲೆ ಕೂಗಿತು. ಸಲ್ಲಿಕೆಯ ಗಡುವು ಇರುವ ವಿದ್ಯಾರ್ಥಿಗೆ ಇಂತಹ ಚಲಿಸುವ ವಿಷಯ ಅಪಾಯಕಾರಿ. 1956ರಿಂದ 1996ರವರೆಗಿನ ನಲವತ್ತು ವರ್ಷಗಳಿಗೆ ಗೆರೆ ಎಳೆದುಕೊಂಡು ಬರೆಯುವುದು ಕ್ಷೇಮ.

ಯೂನಿವರ್ಸಲ್ ಅನ್ನು ಯಾರು ಆರಿಸಬೇಕು? ಸಿನಿಮಾದ ಗಂಧವೇ ಇಲ್ಲದ ಉದ್ಯಮಗಳು ಸ್ಟುಡಿಯೋಗಳ ಮೇಲೆ ಏಕೆ ಕಣ್ಣು ಹಾಕುತ್ತವೆ ಎಂಬ ಪ್ರಶ್ನೆ ಯಾರನ್ನು ಕಾಡುತ್ತದೋ ಅವರು. ಜರ್ಮನಿಯ ಲಾಪ್‌ಹೈಮ್‌ನಿಂದ ಬಂದು, ವಿಸ್ಕಾನ್ಸಿನ್‌ನ ಆಶ್‌ಕಾಶ್‌ನಲ್ಲಿ ಬಟ್ಟೆಯಂಗಡಿ ನೋಡಿಕೊಳ್ಳುತ್ತಿದ್ದ ಕಾರ್ಲ್ ಲೆಮ್ಲೆ, ಎಡಿಸನ್ ನೇತೃತ್ವದ ಪೇಟೆಂಟ್ ಕೂಟಕ್ಕೆ ಸಡ್ಡು ಹೊಡೆದು, 1912ರಲ್ಲಿ ಕೆಲವರು ಪಾಲುದಾರರೊಡನೆ ಕಟ್ಟಿದ ಸಂಸ್ಥೆ ಇದು. ಸಾಲ ತೀರಿಸಲಾಗದೆ 1936ರಲ್ಲಿ ಅವನು ಅದನ್ನು ಕಳೆದುಕೊಂಡ. ಆಮೇಲೆ ಬಂದವರ ಸಾಲು ನೋಡಿ: ಡೆಕ್ಕಾ ಎಂಬ ಧ್ವನಿಮುದ್ರಿಕೆ ಕಂಪನಿ, ಕಲಾವಿದರ ಏಜೆನ್ಸಿಯಾಗಿ ಹುಟ್ಟಿದ ಎಂಸಿಎ, 1990ರ ಕೊನೆಯಲ್ಲಿ ಜಪಾನಿನ ವಿದ್ಯುನ್ಮಾನ ತಯಾರಕ ಮತ್ಸುಶಿತಾ, 1995ರಲ್ಲಿ ಕೆನಡಾದ ಮದ್ಯ ತಯಾರಕ ಸೀಗ್ರಾಮ್, 2000ದಲ್ಲಿ ನೀರು ಸರಬರಾಜಿನಿಂದ ಬೆಳೆದ ಫ್ರಾನ್ಸಿನ ವಿವೆಂಡಿ, 2004ರಲ್ಲಿ ಜನರಲ್ ಎಲೆಕ್ಟ್ರಿಕ್, 2011ರಲ್ಲಿ ಕೇಬಲ್ ಕಂಪನಿ ಕಾಮ್‌ಕಾಸ್ಟ್. ಕಾಮ್‌ಕಾಸ್ಟ್ 2013ರಲ್ಲಿ 1,670 ಕೋಟಿ ಡಾಲರ್ ಕೊಟ್ಟು ಉಳಿದ ಶೇ 49ರಷ್ಟನ್ನೂ ತನ್ನದಾಗಿಸಿಕೊಂಡಿತು. ಅಲ್ಲಿಯೂ ಕಂಪನಿಯ ಮುಖ್ಯಸ್ಥ ಬ್ರಯನ್ ರಾಬರ್ಟ್ಸ್ ಒಬ್ಬರ ಬಳಿಯೇ ಮತಾಧಿಕಾರದ ಮೂರನೇ ಒಂದು ಭಾಗವಿದೆ. ಉಪಕರಣ ಮಾಡುವವರಿಗೆ ಅದರಲ್ಲಿ ತೋರಿಸಲು ಚಿತ್ರ ಬೇಕಿತ್ತು, ತಂತಿ ಎಳೆಯುವವರಿಗೆ ಅದರಲ್ಲಿ ಹರಿಸಲು ಕಾರ್ಯಕ್ರಮ ಬೇಕಿತ್ತು. ಮದ್ಯ ತಯಾರಕರಿಗೆ ಏನು ಬೇಕಿತ್ತು ಎಂಬುದೇ ಒಂದು ಪ್ರಬಂಧದ ವಿಷಯವಾಗಬಲ್ಲದು. ಬೆಂಗಳೂರಿನವರಿಗೆ ಇಲ್ಲೊಂದು ಎಳೆ ಇದೆ: 2016ರಲ್ಲಿ ಕಾಮ್‌ಕಾಸ್ಟ್ 380 ಕೋಟಿ ಡಾಲರಿಗೆ ಕೊಂಡ ಡ್ರೀಮ್‌ವರ್ಕ್ಸ್ ಅನಿಮೇಷನ್‌ಗಾಗಿಯೇ ಮೀಸಲಾದ ತಂಡವೊಂದು ನಗರದ ಟೆಕ್ನಿಕಲರ್ ಸ್ಟುಡಿಯೋದಲ್ಲಿ ಕೆಲಸ ಮಾಡಿತ್ತು.

ಕೊಲಂಬಿಯಾ ಸ್ಟುಡಿಯೋ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1982ರಲ್ಲಿ ಕೋಕಾ-ಕೋಲಾ, 1989ರಲ್ಲಿ 340 ಕೋಟಿ ಡಾಲರಿಗೆ ಸೋನಿ ಅದನ್ನು ಕೊಂಡವು. ಯೂನಿವರ್ಸಲ್ ಓದುವವರು ಇದನ್ನು ಒಂದು ಅಧ್ಯಾಯವಾಗಿ ಪಕ್ಕದಲ್ಲಿಟ್ಟುಕೊಂಡರೆ ಸಾಕು. ಫಾಕ್ಸ್ ಕಥೆ ಹಾಗಲ್ಲ, ಅದು ಹರಿದುಹೋದ ಸಂಸ್ಥೆಯ ಕಥೆ. 1915ರಲ್ಲಿ ಕಂಪನಿ ಕಟ್ಟಿದ ವಿಲಿಯಂ ಫಾಕ್ಸ್ 1930ರಲ್ಲಿ ಅದನ್ನು ಕಳೆದುಕೊಂಡ. 1935ರಲ್ಲಿ ಟ್ವೆಂಟಿಯತ್ ಸೆಂಚುರಿಯ ಜೊತೆ ವಿಲೀನವಾದಾಗ ಒಡೆಯನಿಲ್ಲದ ಅವನ ಹೆಸರು ಮಾತ್ರ ಉಳಿಯಿತು. 1985ರಲ್ಲಿ ಅದನ್ನು ಕೊಂಡ ಆಸ್ಟ್ರೇಲಿಯಾ ಮೂಲದ ಪತ್ರಿಕೋದ್ಯಮಿ ರೂಪರ್ಟ್ ಮರ್ಡೋಕ್, ಟೆಲಿವಿಷನ್ ಕೇಂದ್ರಗಳ ಒಡೆತನಕ್ಕೆ ಅಡ್ಡಿಯಾಗದಿರಲೆಂದು ಅದೇ ವರ್ಷ ಅಮೆರಿಕದ ಪೌರತ್ವ ಪಡೆದರು. 2019ರಲ್ಲಿ ಸ್ಟುಡಿಯೋ ಡಿಸ್ನಿಗೆ ಹೋಯಿತು, ಆದರೆ ಫಾಕ್ಸ್ ವಾಹಿನಿ, ಸುದ್ದಿ ಚಾನೆಲ್, ಲಾಸ್ ಏಂಜಲೀಸ್‌ನ ಸ್ಟುಡಿಯೋ ಆವರಣ ಇವು ಮರ್ಡೋಕ್ ಕುಟುಂಬದ ಬಳಿಯೇ ಉಳಿದವು. ಮರುವರ್ಷ ಡಿಸ್ನಿ ತಾನು ಕೊಂಡ ಸ್ಟುಡಿಯೋದ ಹೆಸರಿನಿಂದ ಫಾಕ್ಸ್ ಎಂಬ ಪದವನ್ನೇ ತೆಗೆದುಹಾಕಿತು. ವಿಲೀನದ ಬಗ್ಗೆ ಬರೆಯುವವರು ಬಹಳ, ವಿಭಜನೆಯ ಬಗ್ಗೆ ಬರೆಯುವವರು ಕಡಿಮೆ. ಆ ಕಾರಣಕ್ಕೆ ಫಾಕ್ಸ್ ಆರಿಸುವವರನ್ನು ನಾನು ಹುರಿದುಂಬಿಸುತ್ತೇನೆ.

ಟೆಲಿವಿಷನ್ ಕಡೆ ಒಲವಿದ್ದು, ಸಮಯ ಕಡಿಮೆಯಿರುವವರಿಗೆ ನನ್ನ ಸಲಹೆ ಡೆಸಿಲು. ಡೆಸಿ ಅರ್ನಾಜ್ ಮತ್ತು ಲೂಸಿಲ್ ಬಾಲ್ ಎಂಬ ನಟ ದಂಪತಿ 1950ರಲ್ಲಿ ಹುಟ್ಟುಹಾಕಿದ ಈ ಸಂಸ್ಥೆಯ ಆಯುಷ್ಯವೇ 17 ವರ್ಷ, ಆದ್ದರಿಂದ ಒಂದು ತಿಂಗಳಲ್ಲಿ ಪೂರ್ತಿ ಹಿಡಿತಕ್ಕೆ ಬರುತ್ತದೆ. 1951ರಲ್ಲಿ ತಮ್ಮ 'ಐ ಲವ್ ಲೂಸಿ' ಸರಣಿಯನ್ನು ನೇರ ಪ್ರಸಾರದ ಬದಲು ಫಿಲ್ಮಿನ ಮೇಲೆಯೇ ಚಿತ್ರೀಕರಿಸುತ್ತೇವೆ ಎಂದು ಅವರು ಪಟ್ಟುಹಿಡಿದಾಗ ಖರ್ಚು ಹೆಚ್ಚಾಯಿತು. ಅದಕ್ಕೆ ಪ್ರತಿಯಾಗಿ ಸಂಭಾವನೆಯಲ್ಲಿ ಕಡಿತ ಒಪ್ಪಿಕೊಂಡು ಕಂತುಗಳ ಒಡೆತನವನ್ನು ತಮ್ಮಲ್ಲೇ ಇಟ್ಟುಕೊಂಡರು. ಒಮ್ಮೆ ತೋರಿಸಿದ ಮೇಲೆ ಕಾರ್ಯಕ್ರಮಕ್ಕೆ ಬೆಲೆಯಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲವದು. ಮರುಪ್ರಸಾರದ ಬೆಲೆ ತಿಳಿದ ಮೇಲೆ ವಾಹಿನಿಯೇ ಆ ಕಂತುಗಳನ್ನು ಅವರಿಂದ ಕೊಂಡುಕೊಂಡಿತು, ಮತ್ತು 1957ರಲ್ಲಿ ದಂಪತಿ ಮುಳುಗುತ್ತಿದ್ದ ಆರ್‌ಕೆಒ ಸಂಸ್ಥೆಯ ಸ್ಟುಡಿಯೋಗಳನ್ನೇ ಖರೀದಿಸಿದರು. ವಿಚ್ಛೇದನದ ನಂತರ ಪತಿಯ ಪಾಲನ್ನೂ ಕೊಂಡು ಒಬ್ಬರೇ ಒಡತಿಯಾದ ಲೂಸಿಲ್ ಬಾಲ್, 1967ರಲ್ಲಿ ಅದನ್ನು 1.7 ಕೋಟಿ ಡಾಲರಿಗೆ ಗಲ್ಫ್ ಅಂಡ್ ವೆಸ್ಟರ್ನ್‌ಗೆ ಮಾರಿದರು. ಆರ್‌ಕೆಒ ಆವರಣ ಪ್ಯಾರಾಮೌಂಟ್‌ಗೆ ಒತ್ತಿಕೊಂಡೇ ಇತ್ತು, ಹಾಗಾಗಿ ಎರಡೂ ಒಂದಾದವು. ಹಾಲಿವುಡ್‌ನ ಮೆಲ್ರೋಸ್ ಮತ್ತು ಗೋವರ್ ರಸ್ತೆಗಳು ಕೂಡುವ ಮೂಲೆಯಲ್ಲಿ, ಪ್ಯಾರಾಮೌಂಟ್ ಕಟ್ಟಡದ ನೆತ್ತಿಯ ಮೇಲೆ, ಗೋಡೆಯದೇ ಬಣ್ಣ ಬಳಿಸಿಕೊಂಡ ಆರ್‌ಕೆಒದ ಭೂಗೋಳ ಇಂದಿಗೂ ಇದೆ. ಅಲ್ಲಿಯೇ ಇರುವ ಕನ್ನಡಿಗರು ಯಾರಾದರೂ ಅದರ ಒಂದು ಫೋಟೋ ತೆಗೆದು ಕಳುಹಿಸಿದರೆ ನಿಮ್ಮ ಪ್ರಬಂಧದ ಮೊದಲ ಪುಟಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ಬೇರಿಲ್ಲ.

ಡೆಸಿಲು ಜೊತೆಗೆ ಇನ್ನೊಂದು ತಿಂಗಳು ಸಿಕ್ಕರೆ, 1970ರಲ್ಲಿ ಅಮೆರಿಕದ ಸಂಪರ್ಕ ಆಯೋಗ ತಂದ ನಿಯಮವನ್ನು ಓದಿ. ಸಂಜೆಯ ಹೊತ್ತಿಗೆ ಹೊರಗಿನವರು ತಯಾರಿಸಿಕೊಟ್ಟ ಕಾರ್ಯಕ್ರಮಗಳಲ್ಲಿ ಮೂರು ದೊಡ್ಡ ವಾಹಿನಿಗಳು ಪಾಲು ಹೊಂದುವಂತಿಲ್ಲ, ಅವುಗಳ ಮರುಪ್ರಸಾರ ಹಕ್ಕಿನ ವ್ಯಾಪಾರ ನಡೆಸುವಂತಿಲ್ಲ ಎಂದಿತು ಆ ನಿಯಮ. 1969ರಲ್ಲಿ ನಟಿ ಮೇರಿ ಟೈಲರ್ ಮೂರ್ ಮತ್ತು ಗ್ರಾಂಟ್ ಟಿಂಕರ್ ಕಟ್ಟಿದ ಎಂಟಿಎಂನಂತಹ ಸ್ವತಂತ್ರ ಸಂಸ್ಥೆಗಳು ಚಿಗುರಿದ್ದು ಆ ನೆರಳಿನಲ್ಲಿ. ಎಂಜಿಎಂ ಸಿಂಹದ ಜಾಗದಲ್ಲಿ ಮಿಯಾಂವ್ ಎನ್ನುವ ಬೆಕ್ಕಿನ ಮರಿಯನ್ನು ಇಟ್ಟುಕೊಂಡಿದ್ದ ಸಂಸ್ಥೆ ಅದು. ಸಿಬಿಎಸ್ ತನ್ನ ಮರುಪ್ರಸಾರ ವಿಭಾಗವನ್ನು 1971ರಲ್ಲಿ ಹೊರಹಾಕಿದಾಗ ಹುಟ್ಟಿದ್ದೇ ವಯಾಕಾಮ್. ಆ ಕೂಸೇ 2000ದಲ್ಲಿ ಹೆತ್ತ ಸಿಬಿಎಸ್ ಅನ್ನು ಕೊಂಡುಕೊಂಡಿತು. 1990ರ ದಶಕದ ನಡುವೆ ನಿಯಮ ರದ್ದಾದದ್ದೇ ತಡ, ಸ್ಟುಡಿಯೋಗಳೂ ವಾಹಿನಿಗಳೂ ಒಂದರ ಮಡಿಲಿಗೆ ಒಂದು ಬಿದ್ದವು. ಕಾನೂನು ಓದಿಕೊಂಡು ಬಂದವರಿಗೆ ಈ ವಿಷಯ ಹೇಳಿ ಮಾಡಿಸಿದಂತಿದೆ.

ಹೊಸ ಕಾಲದ ಎ24 ಬಗ್ಗೆ ಕೇಳುವ ಯುವಕರು ಬಹಳ. 2012ರಲ್ಲಿ ನ್ಯೂಯಾರ್ಕಿನಲ್ಲಿ ಮೂವರು ಸೇರಿ ಶುರು ಮಾಡಿದ ಈ ಸಂಸ್ಥೆಯ ಚಿತ್ರಗಳ ಮೇಲೆ ನನಗೂ ಗೌರವವಿದೆ, ಆದರೆ ಒಡೆತನದ ಅಧ್ಯಯನಕ್ಕೆ ಅದು ಒಗ್ಗುವುದಿಲ್ಲ. ಅದು ಖಾಸಗಿ ಕಂಪನಿ; 2022ರಲ್ಲಿ 22.5 ಕೋಟಿ ಡಾಲರ್ ಹೂಡಿಕೆ ಪಡೆದಾಗ ಅದರ ಮೌಲ್ಯ 250 ಕೋಟಿ ಡಾಲರ್ ಎಂದು ಪ್ರಕಟವಾದಂತಹ ಚೂರುಪಾರು ಸುದ್ದಿಗಳ ಮೇಲೆ ಇಡೀ ಪ್ರಬಂಧ ನಿಲ್ಲಿಸಲಾಗದು.

ಕೊನೆಗೆ, ಅಷ್ಟು ದೂರದ ವಿಷಯ ನಮಗೇಕೆ ಎಂದು ಮಾರ್ಗದರ್ಶಕರು ಕೇಳಿದಾಗ ಉತ್ತರ ಹುಡುಕುವವರಿಗೊಂದು ಆಯ್ಕೆ. ಸ್ಟಾರ್ ಸುವರ್ಣ ವಾಹಿನಿ ಇರುವ ಸ್ಟಾರ್ ಇಂಡಿಯಾ ಬಳಗ ಮರ್ಡೋಕ್ ಅವರ ಫಾಕ್ಸ್ ಸಂಸ್ಥೆಯದಾಗಿತ್ತು, 2019ರಲ್ಲಿ ಫಾಕ್ಸ್ ಜೊತೆಗೇ ಡಿಸ್ನಿಗೆ ಸೇರಿತು. ಕಲರ್ಸ್ ಕನ್ನಡ ಇದ್ದ ವಯಾಕಾಮ್18ರಲ್ಲಿ ಹೆಸರೇ ಹೇಳುವಂತೆ ಪ್ಯಾರಾಮೌಂಟ್‌ನ ಮಾತೃಸಂಸ್ಥೆಗೆ ಪಾಲಿತ್ತು. ಆ ಪಾಲಿನಲ್ಲಿ ಕೊನೆಗೆ ಉಳಿದಿದ್ದ ಶೇ 13.01ರಷ್ಟನ್ನು 2024ರಲ್ಲಿ ಸುಮಾರು ₹4,286 ಕೋಟಿಗೆ ರಿಲಯನ್ಸ್‌ಗೆ ಮಾರಲು ಪ್ಯಾರಾಮೌಂಟ್ ಒಪ್ಪಿಕೊಂಡಿತು. 2024ರ ನವೆಂಬರ್ 14ರಂದು ಎರಡೂ ಬಳಗಗಳು ಜಿಯೋಸ್ಟಾರ್ ಎಂಬ ಒಂದೇ ಸೂರಿನಡಿ ಬಂದವು, ಅದರಲ್ಲಿ ಡಿಸ್ನಿಯ ಪಾಲು ಶೇ 36.84. ಸಂಜೆ ಒಂದರ ಪಕ್ಕ ಒಂದು ಪೈಪೋಟಿಯಲ್ಲಿ ಧಾರಾವಾಹಿ ತೋರಿಸುವ ಎರಡು ಕನ್ನಡ ವಾಹಿನಿಗಳ ವಂಶಾವಳಿ ಹಿಂದಕ್ಕೆ ಹೋಗಿ ಮುಟ್ಟುವುದು ವಿಲಿಯಂ ಫಾಕ್ಸ್‌ನನ್ನೂ ಅಡಾಲ್ಫ್ ಜೂಕರ್‌ನನ್ನೂ. ಇದನ್ನು ಆರಿಸಿಕೊಂಡವರು ಭಾರತೀಯ ಸ್ಪರ್ಧಾ ಆಯೋಗ 2024ರ ಆಗಸ್ಟ್ 28ರಂದು ಅನುಮೋದಿಸಿದ ಈ ವಿಲೀನದ ಆದೇಶವನ್ನು ಆಯೋಗದ ಜಾಲತಾಣದಿಂದ ಇಳಿಸಿಕೊಂಡು, ಮೊದಲಿಗೆ ಅದರಲ್ಲಿ ಎರಡೂ ಕಡೆಯ ಕಂಪನಿಗಳ ಪರಿಚಯ ಮಾಡಿಕೊಡುವ ಭಾಗವನ್ನು ಓದಲಿ. ಅಲ್ಲಿಂದ ಹಿಂದಕ್ಕೆ ಹೋಗಲು ಬೇಕಾದ ಹೆಸರುಗಳೆಲ್ಲ ಅಲ್ಲೇ ಸಿಗುತ್ತವೆ.